ಹುಳಿತೇಗು, ವಸಡಿನ ರಕ್ತ: ರಾತ್ರಿ ಬಸ್ಸಿನ ಚಾಲಕರೊಬ್ಬರ ಪ್ರಕರಣ ಅಧ್ಯಯನ

ರೋಗಿಯ ವಯಸ್ಸು 46, ಗಂಡಸು. ಹುಬ್ಬಳ್ಳಿ–ಬೆಂಗಳೂರು ನಡುವೆ ರಾತ್ರಿ ಬಸ್ಸು ಓಡಿಸುವ ಕೆಲಸ. ದಂತವೈದ್ಯರ ಬಳಿ ಹೇಳಿಕೊಂಡ ತೊಂದರೆ ಎರಡು: ತಣ್ಣೀರು ಕುಡಿದರೆ ಮೇಲಿನ ಬಾಚಿಹಲ್ಲುಗಳು ಜುಮ್ಮೆನ್ನುತ್ತವೆ, ಹಲ್ಲುಜ್ಜಿದರೆ ರಕ್ತ ಬರುತ್ತದೆ, ಇದು ಶುರುವಾಗಿ ವರ್ಷವಾಯಿತು. ಬಾಯಿ ವಾಸನೆ ಬರುತ್ತದೆಂದು ಮನೆಯವರು ಹೇಳಿದ್ದನ್ನು ಕೇಳಿದ ಮೇಲೆ ಒಪ್ಪಿಕೊಂಡರು. ಹೊಟ್ಟೆಯ ವಿಷಯ ಅವರ ಬಾಯಲ್ಲಿ ತಾನಾಗಿ ಬರಲಿಲ್ಲ.

ಇದು ಒಬ್ಬನೇ ರೋಗಿಯ ಕಡತವಲ್ಲ. ದಂತ ಚಿಕಿತ್ಸಾಲಯಗಳಲ್ಲಿ ಮತ್ತೆ ಮತ್ತೆ ಎದುರಾಗುವ ಚಿತ್ರವನ್ನು ಕಲಿಕೆಗಾಗಿ ಒಂದೇ ಪ್ರಕರಣವಾಗಿ ಜೋಡಿಸಲಾಗಿದೆ. ಅಳತೆಗಳು ಅಂಥ ರೋಗಿಯಲ್ಲಿ ಸಿಗುವಂಥವು; ಮಾನದಂಡಗಳೂ ಔಷಧದ ಪ್ರಮಾಣಗಳೂ ಬಳಕೆಯಲ್ಲಿರುವವೇ.

ಕೇಳಿ ತಿಳಿದದ್ದು

"ಎದೆಯುರಿ ಇದೆಯಾ?" ಎಂದರೆ "ಇಲ್ಲ ಸರ್, ಬರೀ ಗ್ಯಾಸ್ಟ್ರಿಕ್" ಎಂಬ ಉತ್ತರ ಬಂತು. ಇಂಥ ಕಡೆ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು. ಮಲಗಿದಾಗ ಗಂಟಲಿಗೆ ಹುಳಿನೀರು ಬರುತ್ತದಾ? ಎದ್ದಾಗ ಬಾಯಿ ಹುಳಿಯೋ ಕಹಿಯೋ? ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಎದೆಯ ಮಧ್ಯೆ ಉರಿ ಏರುತ್ತದಾ? ನಿದ್ದೆಯಲ್ಲಿ ಕೆಮ್ಮಿ ಎದ್ದದ್ದುಂಟಾ? ನಾಲ್ಕರಲ್ಲಿ ಮೂರಕ್ಕೆ ಹೌದು. ವಾರಕ್ಕೆ ನಾಲ್ಕೈದು ಸಲ, ಐದು ವರ್ಷಕ್ಕೂ ಹೆಚ್ಚು ಕಾಲದಿಂದ.

ದಿನಚರಿ ಬರೆಸಿಕೊಂಡಾಗ ಅರ್ಧ ರೋಗ ಅದರಲ್ಲೇ ಕಂಡಿತು. ರಾತ್ರಿ 11.30ರ ಸುಮಾರಿಗೆ ಢಾಬಾದಲ್ಲಿ ಹೊಟ್ಟೆ ತುಂಬ ಊಟ. ನಿದ್ದೆ ಬರದಿರಲೆಂದು ದಾರಿಯುದ್ದಕ್ಕೂ ಹುಳಿ ಪೆಪ್ಪರಮೆಂಟು, ಮೂರು ನಾಲ್ಕು ಟೀ, ಹೊಗೆಸೊಪ್ಪು ಸೇರಿಸಿದ ಎಲೆ ಅಡಿಕೆ. ನಡುವೆ ಇಳಿಯಬೇಕಾದೀತೆಂದು ನೀರು ಕುಡಿಯುವುದು ಕಡಿಮೆ. ಬೆಳಿಗ್ಗೆ 5.30ಕ್ಕೆ ಬೆಂಗಳೂರು, ಏಳಕ್ಕೆ ಇಡ್ಲಿ ವಡೆ, ಟೀ, ಏಳೂವರೆಗೆ ವಿಶ್ರಾಂತಿ ಕೊಠಡಿಯಲ್ಲಿ ಚಪ್ಪಟೆ ಮಲಗಿ ನಿದ್ದೆ. ಎದ್ದಾಗ ಬಾಯಿ ಹುಳಿ, ಆ ಹುಳಿ ಹೋಗಲೆಂದು ಗಟ್ಟಿ ಬ್ರಷ್ಷಿಗೆ ಹಲ್ಲುಪುಡಿ ಹಾಕಿ ಬಲವಾಗಿ ಉಜ್ಜುವುದು. ಹೊಟ್ಟೆ ಉಬ್ಬರಿಸಿದರೆ ನಿಂಬೆ ಸೋಡಾ, ಇಲ್ಲವೇ ನೀರಲ್ಲಿ ನೊರೆ ಬರುವ ಹಣ್ಣಿನುಪ್ಪು.

ಮಾತ್ರೆಗಳು: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಿಪಿಗೆ ಎರಡು ವರ್ಷದಿಂದ ಅಮ್ಲೋಡಿಪಿನ್ 10 ಮಿ.ಗ್ರಾಂ. ಮೆಡಿಕಲ್ಸ್‌ನಲ್ಲಿ ಕೇಳಿ ತೆಗೆದುಕೊಂಡ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಅದೂ ಉರಿ ಎದ್ದಾಗ ಮಾತ್ರ, ಊಟವಾದ ಮೇಲೆ. ಇತ್ತೀಚಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) 7.8. ಬಿಪಿ ಅಂದು 148/92.

ಅಮ್ಲೋಡಿಪಿನ್ ಹೆಸರಿನ ಕೆಳಗೆ ಗೆರೆ ಎಳೆದಿಟ್ಟುಕೊಳ್ಳಬೇಕು. ಈ ಪ್ರಕರಣದ ಗಂಟು ಬಹುಪಾಲು ಅಲ್ಲೇ ಇದೆ.

ಬಾಯಿಯೊಳಗೆ

ಮೊದಲು ಮೆತ್ತನೆ ಭಾಗಗಳು. ಹೊಗೆಸೊಪ್ಪು ಹಾಕುವವರ ಬಾಯಲ್ಲಿ ವಸಡನ್ನೇ ನೋಡುತ್ತ ಕೂತು ಕೆನ್ನೆಯ ಬಿಳಿ ಮಚ್ಚೆಯನ್ನು ಬಿಟ್ಟರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಇವರ ಬಾಯಿ 41 ಮಿ.ಮೀ. ತೆರೆಯುತ್ತಿತ್ತು, ಕೆನ್ನೆಯಲ್ಲಿ ಬಿಗಿತದ ಪಟ್ಟಿಗಳಿರಲಿಲ್ಲ. ಎಲೆ ಅಡಿಕೆ ಒತ್ತಿಡುವ ಎಡಗಡೆಯ ಕೆಳಗಿನ ಸಂದಿಯಲ್ಲಿ ಚರ್ಮ ಸುಕ್ಕುಗಟ್ಟಿ ಬಿಳಿಚಿತ್ತು, ಹುಣ್ಣಿರಲಿಲ್ಲ. ಅದರ ಫೋಟೋ ತೆಗೆದಿಟ್ಟು, ಎರಡು ವಾರಕ್ಕೆ ಮತ್ತೆ ನೋಡುವುದು, ಹೊಗೆಸೊಪ್ಪು ಬಿಟ್ಟ ಮೇಲೂ ಉಳಿದರೆ ಬಯಾಪ್ಸಿ ಎಂದು ದಾಖಲಿಸಲಾಯಿತು.

ಹಲ್ಲುಗಳು 27. ಮೇಲಿನ ಬಾಚಿಹಲ್ಲುಗಳ ಅಂಗುಳಿನ ಕಡೆಯ ಮೈ ನುಣುಪಾಗಿ ಸವೆದು ಎನಾಮೆಲ್ ಹೊದಿಕೆಯಡಿಯ ಹಳದಿ ಡೆಂಟಿನ್ ಕಾಣುತ್ತಿತ್ತು, ತುದಿಗಳು ಬೆಳಕಿಗೆ ಹಿಡಿದರೆ ಪಾರದರ್ಶಕ. ಕೆಳಗಿನ ದವಡೆ ಹಲ್ಲುಗಳ ಮೇಲ್ಮೈಯಲ್ಲಿ ಬಟ್ಟಲಿನಾಕಾರದ ಕುಳಿಗಳು. 46ನೇ ಹಲ್ಲಿನ (ದಂತವೈದ್ಯರ ಎಣಿಕೆಯಲ್ಲಿ ಮೊದಲ ಅಂಕಿ ಬಾಯಿಯ ಕಾಲುಭಾಗ, ಎರಡನೆಯದು ಅಲ್ಲಿನ ಹಲ್ಲು; ಇದು ಬಲಗಡೆಯ ಕೆಳಗಿನ ದವಡೆ ಹಲ್ಲು) ಹಳೆಯ ಬೆಳ್ಳಿ ಭರ್ತಿ, ಸುತ್ತಲ ಹಲ್ಲು ಕರಗಿ ಇಳಿದದ್ದರಿಂದ, ನೀರಿಳಿದ ಕೆರೆಯ ಬಂಡೆಯ ಹಾಗೆ ಮೇಲೆದ್ದು ನಿಂತಿತ್ತು. ಕೆಳಗಿನ ಬಾಚಿಹಲ್ಲುಗಳ ನಾಲಿಗೆ ಕಡೆ ಮಾತ್ರ ಹೆಚ್ಚುಕಡಿಮೆ ಸರಿಯಾಗಿತ್ತು, ಏಕೆಂದರೆ ಅಲ್ಲಿ ನಾಲಿಗೆ ಅಡ್ಡ ಇರುತ್ತದೆ, ಜೊಲ್ಲಿನ ಗ್ರಂಥಿಗಳ ಬಾಯಿಯೂ ಅಲ್ಲೇ. ಈ ಹಂಚಿಕೆ ಒಳಗಿನಿಂದ ಬರುವ ಆಮ್ಲದ ಗುರುತು. ಹುಳಿ ಪೆಪ್ಪರಮೆಂಟು, ಸೋಡಾದಂಥ ಹೊರಗಿನ ಆಮ್ಲ ಮುಂದಿನ ಹಲ್ಲುಗಳ ತುಟಿಯ ಕಡೆಯನ್ನೂ ಹಿಡಿಯುತ್ತದೆ. ಇವರಲ್ಲಿ ಅದೂ ಸ್ವಲ್ಪ ಇತ್ತು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡ, ಚಿತ್ರದುರ್ಗದ ಕಡೆ ಬೆಳೆದವರಾದರೆ ಫ್ಲೋರೋಸಿಸ್‌ನಿಂದ ಗುಳಿ ಬಿದ್ದ ಎನಾಮೆಲ್ಲನ್ನು ಆಮ್ಲದ ಸವೆತವೆಂದು ತಿಳಿಯುವ ಅಪಾಯವಿದೆ. ಫ್ಲೋರೋಸಿಸ್‌ನ ಮಚ್ಚೆ ಎಡಬಲ ಜೋಡಿಯಾಗಿ, ಒರಟಾಗಿ, ಕಂದು ಬಣ್ಣದಲ್ಲಿರುತ್ತದೆ. ಆಮ್ಲದ ಸವೆತ ನುಣುಪು.

ಸವೆತವನ್ನು ಬಿಇಡಬ್ಲ್ಯುಇ ಅಂಕಪದ್ಧತಿಯಲ್ಲಿ ಬರೆಯಲಾಯಿತು. ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗದಲ್ಲಿ ಅತಿ ಹೆಚ್ಚು ಸವೆದ ಮೈಗೆ 0ರಿಂದ 3ರವರೆಗೆ ಅಂಕ. ಮೇಲಿನ ಮುಂಭಾಗಕ್ಕೆ 3, ಕೆಳಗಿನ ಮುಂಭಾಗಕ್ಕೆ 1, ಹಿಂದಿನ ನಾಲ್ಕಕ್ಕೂ ತಲಾ 2. ಒಟ್ಟು 18ಕ್ಕೆ 12, ಅಂದರೆ ಮಧ್ಯಮ ಅಪಾಯ.

ಇನ್ನು ವಸಡು. ಪ್ರತಿ ಹಲ್ಲಿಗೆ ಆರು ಕಡೆಯಂತೆ 162 ಕಡೆ ಯುಎನ್‌ಸಿ-15 ಪ್ರೋಬ್ (ಮಿ.ಮೀ. ಗುರುತುಗಳಿರುವ ತೆಳು ಕಡ್ಡಿ) ಇಳಿಸಿ ನೋಡಿದಾಗ 92 ಕಡೆ ರಕ್ತ, ಅಂದರೆ ಶೇ. 57. ಆರೋಗ್ಯವಂತ ಬಾಯಲ್ಲಿ ಇದು ಶೇ. 10ರೊಳಗಿರಬೇಕು. 6 ಮಿ.ಮೀ. ಅಥವಾ ಅದಕ್ಕೂ ಆಳದ ಪಾಕೆಟ್‌ಗಳು (ಹಲ್ಲಿಗೂ ವಸಡಿಗೂ ನಡುವಿನ ಸಂದಿಗಳು) ಒಂಬತ್ತು.

ಒಂಬತ್ತೂ ಒಂದೇ ಬಗೆಯವಲ್ಲ. ಅಂಕಿ ನೋಡಿ ಚಿಕಿತ್ಸೆಗೆ ಇಳಿಯುವವರು ಎಡವುವುದು ಇಲ್ಲಿ. 11ನೇ ಹಲ್ಲಿನ ಪಕ್ಕ ಪಾಕೆಟ್ 6 ಮಿ.ಮೀ., ಆದರೆ ಅಲ್ಲಿ ವಸಡು ಊದಿಕೊಂಡು ಎನಾಮೆಲ್ ಮುಗಿಯುವ ಗೆರೆಗಿಂತ 3 ಮಿ.ಮೀ. ಹಲ್ಲಿನ ತುದಿಯತ್ತ ಬೆಳೆದಿತ್ತು. ಹಾಗಾಗಿ ನಿಜಕ್ಕೂ ಕಳೆದುಕೊಂಡ ಹಿಡಿತ 3 ಮಿ.ಮೀ. ಮಾತ್ರ; ಉಳಿದರ್ಧ ಸುಳ್ಳು ಪಾಕೆಟ್. ಮುಂಭಾಗದ ನಾಲ್ಕು ಆಳದ ಪಾಕೆಟ್‌ಗಳೂ ಇದೇ ಜಾತಿ. 26ನೇ ದವಡೆ ಹಲ್ಲಿನ ಬಳಿ ಪಾಕೆಟ್ 6 ಮಿ.ಮೀ., ವಸಡಿನ ಅಂಚು ಗೆರೆಯ ಮೇಲೇ ಇತ್ತು, ಅಂದರೆ ಹಿಡಿತ ಪೂರ್ತಿ 6 ಮಿ.ಮೀ. ಹೋಗಿದೆ. 36ರ ಕೆನ್ನೆ ಕಡೆ ಪಾಕೆಟ್ ಬರೀ 2 ಮಿ.ಮೀ., ಆದರೆ ವಸಡು 4 ಮಿ.ಮೀ. ಇಳಿದು ಬೇರು ಹೊರಬಿದ್ದಿದೆ. ಅಲ್ಲೂ ನಷ್ಟ 6. ಮೊದಲನೆಯದಕ್ಕೆ ಮಾತ್ರೆಯ ಪಾಲು ದೊಡ್ಡದು, ಎರಡನೆಯದಕ್ಕೆ ಕಾರಣ ಹಲ್ಲಿಗೆ ಗಟ್ಟಿಯಾಗಿ ಕಟ್ಟಿದ ಕಿಟ್ಟ, ಮೂರನೆಯದಕ್ಕೆ ಎಲೆ ಅಡಿಕೆ ಮತ್ತು ಗಟ್ಟಿ ಬ್ರಷ್.

ಎಕ್ಸ್‌ರೇಯಲ್ಲಿ ದವಡೆ ಹಲ್ಲುಗಳ ನಡುವೆ ಮೂಳೆ ಬೇರಿನುದ್ದದ ಸುಮಾರು ಶೇ. 40ರಷ್ಟು ಕರಗಿತ್ತು. 2018ರಲ್ಲಿ ಪ್ರಕಟವಾದ ವರ್ಗೀಕರಣದಂತೆ ಮೂರನೇ ಹಂತದ ಪೆರಿಯೊಡಾಂಟೈಟಿಸ್, ಅಂದರೆ ಹಲ್ಲಿನ ಸುತ್ತಲ ಮೂಳೆ ಕರಗಿಸುವ ವಸಡಿನ ರೋಗ. ಶೇ. 40ನ್ನು ವಯಸ್ಸು 46ರಿಂದ ಭಾಗಿಸಿದರೆ 0.87, ರೋಗದ ವೇಗ ಹೇಳುವ ಎ, ಬಿ, ಸಿಗಳಲ್ಲಿ ಅದು ಬಿ ದರ್ಜೆ. ಎಚ್‌ಬಿಎ1ಸಿ 7 ಅಥವಾ ಅದಕ್ಕಿಂತ ಹೆಚ್ಚಿರುವುದರಿಂದ ಸಿ ದರ್ಜೆಗೆ ಏರಿತು. ಆ ಕೋಷ್ಟಕ ದಿನಕ್ಕೆ ಎಷ್ಟು ಸಿಗರೇಟು ಎಂದು ಎಣಿಸುತ್ತದೆಯೇ ಹೊರತು ಬಾಯಲ್ಲಿಟ್ಟ ಹೊಗೆಸೊಪ್ಪಿಗೆ ಅಲ್ಲಿ ಜಾಗವಿಲ್ಲ. ನಮ್ಮ ಕಡೆಯ ಬಾಯಿಗಳಿಗೆ ಅದು ದೊಡ್ಡ ಕೊರತೆಯೇ.

ಜೊಲ್ಲನ್ನು ಅಳೆಯುವುದು ಸುಲಭ, ಖರ್ಚಿಲ್ಲ, ಆದರೂ ಹೆಚ್ಚಿನವರು ಅಳೆಯುವುದಿಲ್ಲ. ತಿಂದು ಕುಡಿದು ಒಂದು ಗಂಟೆಯಾದರೂ ಆಗಿರಬೇಕು. ನೆಟ್ಟಗೆ ಕೂರಿಸಿ, ತಲೆ ಸ್ವಲ್ಪ ಬಾಗಿಸಿ, ನುಂಗದೆ, ಐದು ನಿಮಿಷ ಅಳತೆಯ ಕಪ್ಪಿಗೆ ಉಗುಳಿಸಬೇಕು. 0.7 ಮಿ.ಲೀ. ಬಂತು, ನಿಮಿಷಕ್ಕೆ 0.14. ಸಾಮಾನ್ಯ ಪ್ರಮಾಣ 0.3ರ ಆಸುಪಾಸು, 0.1ಕ್ಕಿಂತ ಕೆಳಗಾದರೆ ಅದು ಸ್ಪಷ್ಟ ಜೊಲ್ಲಿನ ಕೊರತೆ. ಮೇಣದ ತುಂಡು ಅಗಿಸಿ ಅಳೆದಾಗ ನಿಮಿಷಕ್ಕೆ 0.8, ಅದೂ ಕಡಿಮೆಯ ಸಾಲಿನಲ್ಲೇ.

ಆಮ್ಲ ವಸಡನ್ನು ತಿನ್ನುತ್ತದೆಯೆ?

ಇವರ ಮೊದಲ ಪ್ರಶ್ನೆ ಇದೇ: "ಹಂಗಾದ್ರ ಗ್ಯಾಸ್ಟ್ರಿಕ್‌ನಿಂದನ ವಸಡು ಹಾಳಾತೇನ್ರಿ?" ನೇರವಾದ ಉತ್ತರ: ಹಲ್ಲು ಹಾಳಾದದ್ದು ಹೌದು, ವಸಡು ಅಲ್ಲ.

ಪಿಎಚ್ ಎಂಬುದು ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಎನಾಮೆಲ್ ಸುಮಾರು 5.5 ಪಿಎಚ್‌ಗಿಂತ ಕೆಳಗೆ ಕರಗತೊಡಗುತ್ತದೆ, ಡೆಂಟಿನ್ ಮತ್ತು ಬೇರಿನ ಮೈ 6.2ರಿಂದ 6.7ರ ನಡುವೆಯೇ. ಜಠರರಸದ ಪಿಎಚ್ 1ರಿಂದ 2. ಹಾಗಾಗಿ ಗಂಟಲು ದಾಟಿ ಬಾಯಿಗೆ ಬಂದ ಹುಳಿನೀರು ಹಲ್ಲನ್ನು ಕರಗಿಸುವುದರಲ್ಲಿ ಅನುಮಾನವಿಲ್ಲ. ತಜ್ಞರ 2006ರ ಮಾಂಟ್ರಿಯಲ್ ಒಮ್ಮತವು ಆಮ್ಲ ಹಿಮ್ಮರಳುವ ಕಾಯಿಲೆಯ ಜೊತೆ ಅನ್ನನಾಳದಾಚೆ ಖಚಿತವಾಗಿ ನಂಟಿರುವ ನಾಲ್ಕನ್ನು ಹೆಸರಿಸಿತು: ಕೆಮ್ಮು, ಧ್ವನಿಪೆಟ್ಟಿಗೆಯ ಉರಿಯೂತ, ಆಸ್ತಮಾ, ಹಲ್ಲಿನ ಸವೆತ. ವಸಡಿನ ರೋಗ ಆ ಪಟ್ಟಿಯಲ್ಲಿಲ್ಲ. 2003ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದರಲ್ಲಿ ಈ ಕಾಯಿಲೆಯವರ ಪೈಕಿ ಶೇ. 47.5 ಜನರಲ್ಲಿ ಹಲ್ಲಿನ ಸವೆತವಿತ್ತು, ಆರೋಗ್ಯವಂತರಲ್ಲಿ ಶೇ. 12.5. ವಸಡಿನ ಅಳತೆಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ನಂಟಿದೆ ಎಂದ ಅಧ್ಯಯನಗಳೂ ಬಂದಿವೆ. ಅವುಗಳಲ್ಲಿ ಬಹುಪಾಲು ಒಂದೇ ಸಲ ನೋಡಿ ಲೆಕ್ಕ ಹಾಕಿದಂಥವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅಂಥ ಲೆಕ್ಕದಲ್ಲಿ ಸಿಗದು.

ಈ ಬಾಯೊಳಗೇ ಒಂದು ಸಾಕ್ಷಿ ಇತ್ತು. 11, 21ರ ಅಂಗುಳಿನ ಕಡೆ ಎನಾಮೆಲ್ ಪೂರ್ತಿ ಹೋಗಿದ್ದರೂ ವಸಡಿನ ಅಂಚಿಗೆ ತಾಗಿದಂತೆ ತೆಳ್ಳನೆಯ ಎನಾಮೆಲ್ ಅಂಚು ಉಳಿದಿತ್ತು. ಆಮ್ಲದ ಸವೆತದಲ್ಲಿ ಇದು ಮಾಮೂಲು. ವಸಡಿನ ಸಂದಿಯಿಂದ ಒಸರುವ ದ್ರವ ತುಸು ಕ್ಷಾರೀಯ, ಅಲ್ಲಿ ಕೂತ ಪ್ಲಾಕ್ (ಬ್ಯಾಕ್ಟೀರಿಯಾಗಳ ಅಂಟುಪದರ) ಕೂಡ ಆಮ್ಲಕ್ಕೆ ಅಡ್ಡ. ಒಂದು ಮಿ.ಮೀ. ಅಗಲದ ಎನಾಮೆಲ್ಲನ್ನೇ ಮುಟ್ಟಲಾಗದ ಆಮ್ಲ, ಅದರ ಕೆಳಗಿನ ಆರು ಮಿ.ಮೀ. ಪಾಕೆಟ್ಟಿನೊಳಗೆ ಇಳಿದು ಮೂಳೆ ಕರಗಿಸಿತು ಎನ್ನುವುದು ನಿಲ್ಲದ ಮಾತು. ಪಾಕೆಟ್ಟಿನಲ್ಲಿ ಬೆಳೆಯುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾಗಳಿಗೂ ಹುಳಿ ಒಗ್ಗುವುದಿಲ್ಲ. ಅವಕ್ಕೆ ತಟಸ್ಥ ಅಥವಾ ತುಸು ಕ್ಷಾರದ ಜಾಗ ಬೇಕು.

ಹಾಗಿದ್ದರೂ ಎರಡು ರೋಗಗಳೂ ಒಂದೇ ಬಾಯಲ್ಲಿ ಸೇರಿದ್ದು ಆಕಸ್ಮಿಕವಲ್ಲ. ಮಧ್ಯಸ್ಥರಿದ್ದಾರೆ.

ಒಂದು, ಜೊಲ್ಲು. ಹಿಮ್ಮರಳಿದ ಆಮ್ಲವನ್ನು ಅನ್ನನಾಳದಲ್ಲಿ ತಟಸ್ಥಗೊಳಿಸುವುದು ನುಂಗಿದ ಜೊಲ್ಲಿನ ಬೈಕಾರ್ಬನೇಟ್. ಹಲ್ಲಿನ ಮೇಲೂ ಅದೇ. ಪ್ಲಾಕ್ ತೊಳೆದು ಬ್ಯಾಕ್ಟೀರಿಯಾ ಹತೋಟಿಯಲ್ಲಿಡುವುದೂ ಅದೇ. ನಿದ್ದೆಯಲ್ಲಿ ಅದು ಬಹುತೇಕ ನಿಲ್ಲುತ್ತದೆ. ಜೊಲ್ಲು ಕಡಿಮೆಯಾದವರಲ್ಲಿ ಅನ್ನನಾಳ, ಹಲ್ಲು, ವಸಡು ಮೂರೂ ಒಟ್ಟಿಗೆ ಸೊರಗುತ್ತವೆ.

ಎರಡು, ಅಮ್ಲೋಡಿಪಿನ್. ಕ್ಯಾಲ್ಸಿಯಂ ಮಾರ್ಗ ತಡೆಯುವ ಈ ಜಾತಿಯ ಮಾತ್ರೆಗಳು ರಕ್ತನಾಳದ ನುಣುಪು ಸ್ನಾಯುವನ್ನು ಸಡಿಲಿಸುವಂತೆಯೇ ಅನ್ನನಾಳದ ಕೆಳತುದಿಯ ಬಿಗಿಯನ್ನೂ ಸಡಿಲಿಸುತ್ತವೆ, ಹುಳಿ ಮೇಲೇರುತ್ತದೆ. ಇನ್ನೊಂದೆಡೆ ಕೆಲವರಲ್ಲಿ ವಸಡನ್ನು ಊದಿಸಿ ಬೆಳೆಸುತ್ತವೆ. ಹೆಚ್ಚಾಗಿ ಮುಂದಿನ ಹಲ್ಲುಗಳ ನಡುವಿನ ತ್ರಿಕೋನದ ಭಾಗ, ಅದೂ ಪ್ಲಾಕ್ ಕೂತ ಕಡೆ. ಒಂದೇ ಮಾತ್ರೆ ಎರಡೂ ಕಡೆ ಕೈಯಾಡಿಸಿದ್ದನ್ನು ಗಮನಿಸದವರು ಇಲ್ಲಿ ಹೊಟ್ಟೆಗೂ ವಸಡಿಗೂ ನೇರ ನಂಟು ಕಲ್ಪಿಸುತ್ತಾರೆ.

ಮೂರು, ಹೊಗೆಸೊಪ್ಪು. ನಿಕೋಟಿನ್ ಅನ್ನನಾಳದ ಬಿಗಿ ಇಳಿಸುತ್ತದೆ, ವಸಡಿನ ರಕ್ತಸಂಚಾರ ಕುಗ್ಗಿಸುತ್ತದೆ. ಹೀಗಾಗಿ ರೋಗದ ಗುರುತಾದ ರಕ್ತವೂ ಇರಬೇಕಾದದ್ದಕ್ಕಿಂತ ಕಡಿಮೆ ಕಾಣುತ್ತದೆ. ಸಕ್ಕರೆ ಕಾಯಿಲೆಯದೂ ಇಂಥದೇ ಇಬ್ಬಗೆಯ ಕೆಲಸ: ಜಠರ ನಿಧಾನವಾಗಿ ಖಾಲಿಯಾಗುವಂತೆ ಮಾಡಬಲ್ಲದು, ವಸಡಿನ ಉರಿಯೂತವನ್ನಂತೂ ಖಂಡಿತ ಏರಿಸುತ್ತದೆ.

ಉಳಿದದ್ದು ಸರಳ: ಜುಮ್ಮೆನ್ನುವ ಹಲ್ಲನ್ನು ಯಾರೂ ಸರಿಯಾಗಿ ಉಜ್ಜುವುದಿಲ್ಲ. ಇವರು ಅಂಗುಳಿನ ಕಡೆಗೆ ಬ್ರಷ್ ಹಾಕುವುದನ್ನೇ ಬಿಟ್ಟಿದ್ದರು. ತುಟಿಯ ಕಡೆ ಮಾತ್ರ ಬಲಪ್ರಯೋಗ.

ಹೊಟ್ಟೆಯ ಕಡೆಯ ಕೆಲಸ

ವೈದ್ಯರಿಗೆ ಬರೆದ ಪತ್ರದಲ್ಲಿ "ದಯವಿಟ್ಟು ಪರೀಕ್ಷಿಸಿ" ಎಂದು ಬಿಡಲಿಲ್ಲ. ಮೂರು ಪ್ರಶ್ನೆ ಕೇಳಲಾಗಿತ್ತು: ಅಂಗುಳಿನ ಕಡೆಯ ಸವೆತಕ್ಕೆ ಕಾರಣವಾಗುವ ಆಮ್ಲ ಹಿಮ್ಮರಳುವಿಕೆ ಇದೆಯೆ? ವಸಡು ಬೆಳೆದಿರುವುದರಿಂದ ಅಮ್ಲೋಡಿಪಿನ್ ಬದಲಿಸಲು ಸಾಧ್ಯವೆ? ಎಚ್‌ಬಿಎ1ಸಿ ಇಳಿಸುವ ಯೋಜನೆ ಏನು? ದಂತವೈದ್ಯರು ಬಿಪಿ ಮಾತ್ರೆಯನ್ನು ತಾವೇ ನಿಲ್ಲಿಸುವಂತಿಲ್ಲ, ರೋಗಿಗೂ ಅದನ್ನು ಒತ್ತಿ ಹೇಳಬೇಕು. "ಈ ಮಾತ್ರೆಯಿಂದ ವಸಡು ಊದಿದೆ" ಎಂದಷ್ಟೇ ಕೇಳಿಸಿಕೊಂಡು ಮಾರನೆ ದಿನವೇ ಮಾತ್ರೆ ಬಿಟ್ಟವರುಂಟು.

ನುಂಗಲು ಕಷ್ಟ, ತೂಕ ಇಳಿಕೆ, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ ಇವರಲ್ಲಿರಲಿಲ್ಲ. ಇದ್ದಿದ್ದರೆ ಎಂಡೋಸ್ಕೊಪಿಗೆ ಕಾಯುವ ಮಾತೇ ಇರುತ್ತಿರಲಿಲ್ಲ. ಐದು ವರ್ಷ ದಾಟಿದ ತೊಂದರೆ, ಹೊಗೆಸೊಪ್ಪು, ಹೊಟ್ಟೆಯ ಬೊಜ್ಜು ಸೇರಿದ್ದರಿಂದ ವೈದ್ಯರು ಆಮ್ಲದ ಮಾತ್ರೆ ಕೆಲ ವಾರ ನಿಲ್ಲಿಸಿ ಎಂಡೋಸ್ಕೊಪಿ ಮಾಡಿಸಿದರು. ಅನ್ನನಾಳದ ಕೆಳಭಾಗದಲ್ಲಿ 5 ಮಿ.ಮೀ.ಗಿಂತ ಉದ್ದದ ಗಾಯಗಳು, ಒಂದು ಮಡಿಕೆಯಿಂದ ಇನ್ನೊಂದಕ್ಕೆ ಹಬ್ಬಿರಲಿಲ್ಲ. ಇಂಥ ಗಾಯದ ತೀವ್ರತೆ ಹೇಳುವ ಲಾಸ್ ಏಂಜಲೀಸ್ ಪದ್ಧತಿಯಲ್ಲಿ ಇದು ಬಿ ದರ್ಜೆ. ರೋಗ ಖಚಿತವಾದದ್ದರಿಂದ 24 ಗಂಟೆಯ ಪಿಎಚ್ ಪರೀಕ್ಷೆ ಬೇಕಾಗಲಿಲ್ಲ. ಎಂಡೋಸ್ಕೊಪಿಯಲ್ಲಿ ಏನೂ ಕಾಣದೆ ಹಲ್ಲು ಮಾತ್ರ ಸವೆದವರಿಗೆ ಆ ಪರೀಕ್ಷೆ ಉಪಯುಕ್ತ: ಅನ್ನನಾಳದ ಪಿಎಚ್ 4ಕ್ಕಿಂತ ಕೆಳಗಿರುವ ಹೊತ್ತು ಶೇ. 6 ದಾಟಿದರೆ ರೋಗ ನಿಶ್ಚಿತ, ಶೇ. 4ರೊಳಗಿದ್ದರೆ ಸಹಜ.

ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ., ದಿನಕ್ಕೊಂದು, ಎಂಟು ವಾರ. ಇದೇ ಮಾತ್ರೆ ಮೊದಲು ಫಲ ಕೊಡದಿದ್ದುದಕ್ಕೆ ಕಾರಣ ಹೊತ್ತು. ಈ ಜಾತಿಯ ಮಾತ್ರೆ ಕೆಲಸದಲ್ಲಿ ತೊಡಗಿರುವ ಆಮ್ಲದ ಪಂಪುಗಳನ್ನಷ್ಟೇ ಕಟ್ಟಿಹಾಕುತ್ತದೆ. ಪಂಪುಗಳು ಏಳುವುದು ಊಟ ಮಾಡಿದಾಗ, ರಕ್ತದಲ್ಲಿ ಮಾತ್ರೆಯ ಆಯಸ್ಸು ಒಂದೆರಡು ಗಂಟೆ. ಹಾಗಾಗಿ ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗಬೇಕು. "ಬೆಳಿಗ್ಗೆ ತಿಂಡಿಗೆ ಮುಂಚೆ" ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ರಾತ್ರಿ ಪಾಳಿಯವರಿಗೆ ಅರ್ಥವಾಗದು, ಅವರ ಬೆಳಿಗ್ಗೆ ಮಧ್ಯಾಹ್ನಕ್ಕಿರುತ್ತದೆ. ಇವರಿಗೆ ಎದ್ದ ಮೇಲಿನ ಮೊದಲ ದೊಡ್ಡ ಊಟ ಎರಡು ಗಂಟೆಗೆ, ಮಾತ್ರೆ 1.15ಕ್ಕೆ ಎಂದು ಗೊತ್ತುಮಾಡಲಾಯಿತು.

ಢಾಬಾದ ಊಟ ಹೊರಡುವ ಮುಂಚಿನ ಎಂಟು ಗಂಟೆಗೆ ಬಂತು, 11.30ಕ್ಕೆ ಬಾಳೆಹಣ್ಣು ಅಥವಾ ಎರಡು ಚಪಾತಿ ಅಷ್ಟೇ. ಬೆಳಗಿನ ತಿಂಡಿ 5.45ಕ್ಕೆ, ವಡೆ ಇಲ್ಲ, ಮಲಗುವುದು 8.30ಕ್ಕೆ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ಬಾಗಿ ಹೊಟ್ಟೆ ಇನ್ನಷ್ಟು ಒತ್ತಿಸಿಕೊಳ್ಳುತ್ತದೆ. ಮಂಚದ ತಲೆಯ ಕಡೆಯ ಕಾಲುಗಳಡಿ 15ರಿಂದ 20 ಸೆಂ.ಮೀ. ಮರದ ದಿಮ್ಮಿ ಇಡಬೇಕು. ವಿಶ್ರಾಂತಿ ಕೊಠಡಿಯಲ್ಲಿ ಅದಾಗದೆಂದು ಎಡ ಮಗ್ಗುಲಿಗೆ ಮಲಗುವುದನ್ನಾದರೂ ರೂಢಿಸಿಕೊಂಡರು. ಬಲ ಮಗ್ಗುಲಾದರೆ ಹುಳಿ ಹೆಚ್ಚು ಹೊತ್ತು ಮೇಲೆ ನಿಲ್ಲುತ್ತದೆ.

ವೈದ್ಯರು ಅಮ್ಲೋಡಿಪಿನ್ ತೆಗೆದು ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಕೊಟ್ಟರು, ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡಿಕೊಂಡು. ಬಿ12 ಪರೀಕ್ಷೆಯೂ ಆಯಿತು: ಮೆಟ್‌ಫಾರ್ಮಿನ್ ಮತ್ತು ಆಮ್ಲದ ಮಾತ್ರೆ ಎರಡೂ ದೀರ್ಘಕಾಲದಲ್ಲಿ ಬಿ12 ಇಳಿಸುತ್ತವೆ, ಆಗ ನಾಲಿಗೆ ಉರಿಯುತ್ತದೆ, ಅದನ್ನೂ "ಆಸಿಡಿಟಿ" ಎಂದೇ ರೋಗಿ ತಿಳಿಯುತ್ತಾರೆ.

ವಸಡಿನ ಕಡೆಯ ಕೆಲಸ

ಮೊದಲ ಭೇಟಿಯಲ್ಲಿ ಬರೀ ಕೈ ತಿದ್ದುವ ಕೆಲಸ. ಹಲ್ಲುಪುಡಿ, ಗಟ್ಟಿ ಬ್ರಷ್ ಬಂದ್. ಮೃದು ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆ ಹಿಡಿದು ಸಣ್ಣಗೆ ಅಲುಗಿಸುವುದು. ಹಲ್ಲಿನ ಸಂದಿಗೆ 0.6 ಮತ್ತು 0.7 ಮಿ.ಮೀ. ಇಂಟರ್‌ಡೆಂಟಲ್ ಬ್ರಷ್, ಸಂದಿಯಲ್ಲಿ ತುಸು ಬಿಗಿಯಾಗಿ ಕೂರಬೇಕು, ಆದರೆ ತಂತಿ ಹಲ್ಲಿಗೆ ತಾಗಬಾರದು. ಜುಮ್ಮೆನ್ನುವಿಕೆಗೆ ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟು. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇಂಥ ಪೇಸ್ಟುಗಳಲ್ಲಿ ಕೆಲವಕ್ಕೆ ಫ್ಲೋರೈಡ್ ಇರುವುದಿಲ್ಲ, ಡಬ್ಬಿಯ ಮೇಲೆ ಓದಿ ಕೊಳ್ಳಬೇಕು. ಉಜ್ಜಿ ಉಗುಳಬೇಕು, ನೀರಿನಲ್ಲಿ ಮುಕ್ಕಳಿಸಿ ಪೂರ್ತಿ ತೊಳೆದುಹಾಕಬಾರದು.

ಬಾಯಿ ಹುಳಿಯಾಗಿ ಎದ್ದಾಗ ಕೂಡಲೇ ಉಜ್ಜಬಾರದು. ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗುಳಿ, ಅರ್ಧ ಗಂಟೆ ಬಿಟ್ಟು ಬ್ರಷ್. ಬಿಪಿ ಇರುವವರು ಆ ನೀರನ್ನು ನುಂಗಬಾರದು, ಅದರಲ್ಲಿ ಸೋಡಿಯಂ. ಹಣ್ಣಿನುಪ್ಪಿಗೂ ಇದೇ ಆಕ್ಷೇಪ. ಮೇಲಿಂದ ಅದರಲ್ಲಿ ಸಿಟ್ರಿಕ್ ಆಮ್ಲ ಇದೆ. ನಿಂಬೆ ಸೋಡಾ ಕುಡಿದಾಗ ತೇಗು ಬಂದು ಹಗುರಾದಂತೆ ಅನಿಸುತ್ತದೆ, ಆ ತೇಗಿನ ಜೊತೆ ಮೇಲೆ ಬರುವುದು ಹುಳಿಯೇ.

ಆಳದ ಶುಚಿ, ಅಂದರೆ ವಸಡಿನ ಕೆಳಗಿನ ಕಿಟ್ಟ ತೆಗೆಯುವುದು, ನಾಲ್ಕು ಭೇಟಿಗಳಲ್ಲಿ, ಬಾಯಿಯ ಒಂದೊಂದು ಕಾಲುಭಾಗ. ಆಮ್ಲದ ರೋಗಿಯನ್ನು ಕುರ್ಚಿಯಲ್ಲಿ ಚಪ್ಪಟೆ ಮಲಗಿಸಬಾರದು. ಬೆನ್ನನ್ನು 30ರಿಂದ 45 ಡಿಗ್ರಿ ಎತ್ತಿಟ್ಟು, ಊಟವಾಗಿ ಎರಡು ಮೂರು ಗಂಟೆ ಬಿಟ್ಟು, ನೀರೆಳೆಯುವ ದೊಡ್ಡ ನಳಿಕೆಯನ್ನು ಬಿಡದೆ ಹಿಡಿದು ಕೆಲಸ ಮಾಡಬೇಕು. ಅಲ್ಟ್ರಾಸಾನಿಕ್ ಯಂತ್ರದ ನೀರು ಗಂಟಲಲ್ಲಿ ತುಂಬಿದರೆ ಓಕರಿಕೆ, ಓಕರಿಕೆಯ ಜೊತೆ ಹುಳಿ. ಪಾಳಿ ಮುಗಿಸಿ ನೇರ ಬಂದವರ ಬಿಪಿ, ಸಕ್ಕರೆ ಎರಡನ್ನೂ ಪ್ರತಿ ಸಲ ನೋಡಬೇಕು. 180/110 ದಾಟಿದ್ದರೆ ಅಂದು ಕೆಲಸವಿಲ್ಲ. ಸವೆದ ಅಂಗುಳಿನ ಮೈಗೆ ಅಲ್ಟ್ರಾಸಾನಿಕ್ ತುದಿಯಾಗಲಿ ಪ್ಯೂಮಿಸ್ ಪಾಲಿಶ್ ಆಗಲಿ ತಾಗಿಸಲಿಲ್ಲ. ಅಲ್ಲಿ ಕೈ ಸಾಧನ, ಕೊನೆಗೆ ಶೇ. 5ರ ಸೋಡಿಯಂ ಫ್ಲೋರೈಡ್ ವಾರ್ನಿಷ್.

ನೋವಿಗೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ., ಬೇಕಾದಾಗ, ಆರು ಗಂಟೆಯ ಅಂತರದಲ್ಲಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ: ಗಾಯವಾದ ಅನ್ನನಾಳಕ್ಕೆ ಕೆಡುಕು, ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟನ್ ಜೊತೆ ಮೂತ್ರಪಿಂಡಕ್ಕೆ ಹೊರೆ. ವಸಡಿನ ರೋಗಕ್ಕೆ ಕೆಲವರು ಒಡನೆ ಬರೆಯುವ ಡಾಕ್ಸಿಸೈಕ್ಲಿನ್ ಇಲ್ಲಿ ಇನ್ನೂ ಕೆಟ್ಟ ಆಯ್ಕೆ. ಕಡಿಮೆ ನೀರಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುವುದರಲ್ಲಿ ಹೆಸರುವಾಸಿ. ಇವರಿಗೆ ಆಂಟಿಬಯಾಟಿಕ್ಕೇ ಬೇಕಿರಲಿಲ್ಲ. ಬಾಯಿ ಮುಕ್ಕಳಿಸಲು ಶೇ. 0.2ರ ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ., ಒಂದು ನಿಮಿಷ, ದಿನಕ್ಕೆರಡು ಸಲ, ಎರಡೇ ವಾರ. ಪೇಸ್ಟಿನಿಂದ ಅರ್ಧ ಗಂಟೆ ಅಂತರದಲ್ಲಿ, ಇಲ್ಲದಿದ್ದರೆ ಪೇಸ್ಟಿನ ನೊರೆಯ ಅಂಶ ಅದನ್ನು ನಿಷ್ಕ್ರಿಯಗೊಳಿಸುತ್ತದೆ.

ಹೊಗೆಸೊಪ್ಪು ಬಿಡಿಸಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800 112 356ಕ್ಕೆ ಕರೆ ಮಾಡಿಸಿ, 2 ಮಿ.ಗ್ರಾಂ. ನಿಕೋಟಿನ್ ಗಮ್ ಕೊಡಲಾಯಿತು. ಗಮ್ಮನ್ನು ಚ್ಯೂಯಿಂಗ್ ಗಮ್ಮಿನಂತೆ ಬಿಡದೆ ಅಗಿದರೆ ಬಿಕ್ಕಳಿಕೆ, ಎದೆಯುರಿ ಖಾತ್ರಿ. ನಾಲ್ಕಾರು ಸಲ ಅಗಿದು, ಚುರುಗುಟ್ಟಿದ ಕೂಡಲೇ ಕೆನ್ನೆಗೆ ಒತ್ತಿಡಬೇಕು.

ತಪ್ಪಿದ ಹಾದಿ, ಮತ್ತೆ ಹಿಡಿದದ್ದು

ಮೂರನೇ ವಾರಕ್ಕೆ ಎರಡೂ ಕಡೆ ಎಡವಟ್ಟಾಯಿತು. ಹತ್ತು ದಿನದಲ್ಲೇ ಉರಿ ನಿಂತದ್ದರಿಂದ ಪ್ಯಾಂಟೊಪ್ರಜೋಲ್ ಬಿಟ್ಟಿದ್ದರು. ಉರಿ ನಿಲ್ಲುವುದು ಬೇಗ, ಗಾಯ ಮಾಯಲು ವಾರಗಳೇ ಬೇಕು. ಮತ್ತೆ ಹುಳಿ ಬಂತು, ಮತ್ತೆ ನಿಂಬೆ ಸೋಡಾ. ಇತ್ತ, ಕಿಟ್ಟ ತೆಗೆದ ಮೇಲೆ ವಸಡಿನ ಊತ ಇಳಿದು ಬೇರುಗಳು ಹೊರಬಂದವು, ಜುಮ್ಮೆನ್ನುವುದು ಹೆಚ್ಚಿತು. "ಕ್ಲೀನ್ ಮಾಡಿಸಿದ ಮೇಲೇ ಹಲ್ಲು ಸಡಿಲಾಯಿತು" ಎಂಬ ಊರಿನ ಮಾತು ಹುಟ್ಟುವುದು ಇಲ್ಲಿಂದಲೇ. ಅವರೂ ಸಂದಿಯ ಬ್ರಷ್ ಬಿಟ್ಟುಬಿಟ್ಟರು. ಇದು ಆಗುತ್ತದೆಂದು ಶುಚಿಗೆ ಮೊದಲೇ, ಕನ್ನಡಿ ಹಿಡಿದು ತೋರಿಸಿ ಹೇಳಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ಸಬೂಬಿನಂತೆ ಕೇಳಿಸುತ್ತದೆ. ವಾರ್ನಿಷ್ ಮತ್ತೊಮ್ಮೆ ಹಚ್ಚಿ, ಎಂಟು ವಾರದ ಎಣಿಕೆಯನ್ನು ಮೊದಲಿನಿಂದ ಶುರುಮಾಡಲಾಯಿತು.

ಆಳದ ಶುಚಿ ಮುಗಿದು 12 ವಾರಕ್ಕೆ ಮರು ಅಳತೆ. ರಕ್ತ ಬರುವ ಕಡೆಗಳು 92ರಿಂದ 34ಕ್ಕೆ, ಶೇ. 21. 6 ಮಿ.ಮೀ. ಪಾಕೆಟ್‌ಗಳು ಒಂಬತ್ತರಿಂದ ಮೂರು, ಮೂರೂ ದವಡೆ ಹಲ್ಲುಗಳಲ್ಲಿ. ಮುಂಭಾಗದ ಸುಳ್ಳು ಪಾಕೆಟ್‌ಗಳು ವಸಡು ಕುಗ್ಗಿ 3 ಮಿ.ಮೀ.ಗೆ ಬಂದಿದ್ದವು, ಕತ್ತರಿಸುವ ಪ್ರಮೇಯ ಬರಲಿಲ್ಲ. ಮಾತ್ರೆ ಬದಲಾದದ್ದು, ಪ್ಲಾಕ್ ಹೋದದ್ದು ಎರಡರದೂ ಪಾಲಿದೆ; ಮಾತ್ರೆ ಮಾತ್ರ ಬದಲಿಸಿ ಬಾಯಿ ಹಾಗೇ ಬಿಟ್ಟರೆ ಇಷ್ಟು ಇಳಿಯುವುದಿಲ್ಲ. ಜೊಲ್ಲು ನಿಮಿಷಕ್ಕೆ 0.22. ಎಚ್‌ಬಿಎ1ಸಿ 7.2. ವಸಡಿನ ಚಿಕಿತ್ಸೆಯಿಂದ ಮೂರು ನಾಲ್ಕು ತಿಂಗಳಲ್ಲಿ ಇದು ಸರಾಸರಿ 0.43 ಇಳಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ಕಾಕ್ರನ್ ಪರಾಮರ್ಶೆ ಲೆಕ್ಕ ಹಾಕಿದೆ, ಇವರಲ್ಲಿ ಊಟದ ಹೊತ್ತು ಬದಲಾದದ್ದೂ ಸೇರಿದೆ. ಎಡಗಡೆಯ ಬಿಳಿಚಿದ ಜಾಗ ಸಹಜ ಬಣ್ಣಕ್ಕೆ ಮರಳಿತ್ತು.

ಸವೆತದ ಅಂಕ ಮಾತ್ರ 12ರಲ್ಲೇ ಇತ್ತು. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ; ಇಲ್ಲಿ ಗೆಲುವೆಂದರೆ ಅಂಕ ಏರದಿರುವುದು.

ಸವೆದ ಹಲ್ಲುಗಳಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಭರ್ತಿ) ಕಟ್ಟಿದ್ದು ಇಷ್ಟೆಲ್ಲ ಆದ ಮೇಲೆ. ಮೊದಲೇ ಯಾಕಲ್ಲ ಎಂದರೆ, ರಕ್ತ ಒಸರುವ ವಸಡಿನ ಪಕ್ಕ ಅಂಟು ಹಿಡಿಯುವುದಿಲ್ಲ. ಹುಳಿ ನಿಲ್ಲದಿದ್ದರೆ ಭರ್ತಿಯ ಅಂಚಿನ ಹಲ್ಲು ಕರಗಿ ಮತ್ತೆ ಸಂದು ಬೀಳುತ್ತದೆ. ಊದಿದ ವಸಡಿನ ಅಳತೆಗೆ ಕಟ್ಟಿದ ಅಂಚು ಊತ ಇಳಿದಾಗ ಎದ್ದು ಕಾಣುತ್ತದೆ. ವಸಡಿನ ಅಂಚಿನಲ್ಲಿ ಉಳಿದಿದ್ದ ಆ ತೆಳ್ಳನೆಯ ಎನಾಮೆಲ್ ಪಟ್ಟಿ ಇಲ್ಲಿ ಬಹಳ ಬೆಲೆಯದು, ಅಂಟಿಗೆ ಡೆಂಟಿನ್ನಿಗಿಂತ ಎನಾಮೆಲ್ ನಂಬಿಕಸ್ಥ. ಅಂಗುಳಿನ ಕಡೆ ಸುಮಾರು 1 ಮಿ.ಮೀ. ದಪ್ಪ ಕಟ್ಟಿದಾಗ ಹಿಂದಿನ ಹಲ್ಲುಗಳು ತಾತ್ಕಾಲಿಕವಾಗಿ ಕೂಡುವುದಿಲ್ಲ, ತಿಂಗಳುಗಳಲ್ಲಿ ತಾವೇ ಎದ್ದು ಕೂಡುತ್ತವೆ. ಆದರೆ ಮೂಳೆ ಕಳೆದುಕೊಂಡ ಬಾಯಲ್ಲಿ ಅಷ್ಟು ದಿನ ಮುಂದಿನ ಹಲ್ಲುಗಳ ಮೇಲೇ ಭಾರ ಬೀಳುವುದರಿಂದ ಅಲುಗಾಟವನ್ನು ತಿಂಗಳಿಗೊಮ್ಮೆ ನೋಡಲೇಬೇಕು. ಇವರಲ್ಲಿ ಬಾಚಿಹಲ್ಲುಗಳ ಮೂಳೆ ಚೆನ್ನಾಗಿದ್ದದ್ದರಿಂದಲೇ ಈ ದಾರಿ ಹಿಡಿದದ್ದು.

ಉಳಿದ ಮೂರು ಪಾಕೆಟ್‌ಗಳಲ್ಲಿ ಎರಡಕ್ಕೆ ವಸಡು ಬಿಡಿಸಿ ಶುಚಿ ಮಾಡಲಾಯಿತು, ಒಂದು ಮತ್ತೊಮ್ಮೆ ಕೈ ಶುಚಿಗೆ ಬಗ್ಗಿತು. ಪ್ಯಾಂಟೊಪ್ರಜೋಲ್ ಎಂಟು ವಾರದ ನಂತರ 20 ಮಿ.ಗ್ರಾಂ.ಗೆ ಇಳಿಯಿತು. ಒಮ್ಮೆಲೇ ನಿಲ್ಲಿಸಿದರೆ ಕೆಲವರಲ್ಲಿ ಆಮ್ಲ ಮೊದಲಿಗಿಂತ ಜೋರಾಗಿ ಸುರಿಯುತ್ತದೆ, ಅದನ್ನು ರೋಗ ಮರಳಿತೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗುವವರೂ ಇದ್ದಾರೆ. ಈಗ ಮೂರು ತಿಂಗಳಿಗೊಮ್ಮೆ ಬರಬೇಕು: ರಕ್ತದ ಎಣಿಕೆ, ಪಾಕೆಟ್, ವಾರ್ನಿಷ್, ಎಡ ಸಂದಿಯ ಫೋಟೋ. ಆರು ತಿಂಗಳಿಗೊಮ್ಮೆ ಹಲ್ಲಿನ ಅಚ್ಚನ್ನು ಹಳೆಯದರ ಪಕ್ಕ ಇಟ್ಟು ನೋಡುವುದು. ಕಾಂಪೋಸಿಟ್ಟಿನ ಸುತ್ತ ಹಲ್ಲು ತಗ್ಗಿದ್ದರೆ, ಎದೆಯುರಿ ಇಲ್ಲವೆಂದು ಅವರು ಎಷ್ಟೇ ಹೇಳಿದರೂ, ಮುಂದಿನ ಪತ್ರ ಮತ್ತೆ ಹೊಟ್ಟೆಯ ವೈದ್ಯರಿಗೆ, ಈ ಸಲ ಪಿಎಚ್ ಪರೀಕ್ಷೆಗೆ.